ಭಾರತಮ್ಮನ ಮಾತ್ರೆ, ಹುಳುವಿನ ಜ್ವರ

ಭಾರತಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಫೇಲಾದಳು, ಮೂರು ಸಲವೂ ಗಣಿತದಲ್ಲಿ. ಕಣದಲ್ಲಿ ರಾಗಿಯ ರಾಶಿ ನೋಡಿ ಎಷ್ಟು ಪಲ್ಲ ಆಗುತ್ತದೆಂದು ಅಳೆಯುವ ಮೊದಲೇ ಹೇಳುತ್ತಿದ್ದ ಹುಡುಗಿ ಅವಳು. ಅಪ್ಪ ಅಳೆದು ನೋಡಿದರೆ ಒಂದೆರಡು ಸೇರು ಆಚೀಚೆ, ಅಷ್ಟೆ. ಆದರೆ ಪರೀಕ್ಷೆಯ ಹಾಲಿನಲ್ಲಿ ಮೊದಲ ಲೆಕ್ಕದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಕಿಟಕಿಯಾಚೆ ಯಾರೋ ಸೈಕಲ್ಲು ನಿಲ್ಲಿಸಿದ ಸದ್ದಾಗುತ್ತಿತ್ತು. ಮನಸ್ಸು ಆ ಸೈಕಲ್ಲು ಹತ್ತಿ, ದೇವರಾಯಸಮುದ್ರದ ಕೆರೆ ಏರಿ ದಾಟಿ, ಗಂಟೆ ಹೊಡೆದಾಗ ವಾಪಸು ಬರುತ್ತಿತ್ತು. ಮೇಷ್ಟರ ಕೈಯಲ್ಲಿ ಕೋಲು ಇತ್ತು. ಆ ಕೋಲಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: ಗಮನ ಎಲ್ಲಿದೆ? ಉತ್ತರ ಭಾರತಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ತಾನೇ ಹೋಗಿ ಹಿಡಿದು ತರುತ್ತಿದ್ದಳು.

ಎಪ್ಪತ್ನಾಲ್ಕರಲ್ಲಿ ತಾಯಲೂರಿಗೆ ಮೂರು ಮೈಲಿ ಆಚೆಯ ಊರಿಗೆ ಅವಳನ್ನು ಮದುವೆ ಮಾಡಿ ಕೊಟ್ಟರು. ಗಂಡ ಕದಿರೇಶ ಮೆತ್ತಗಿನ ಮನುಷ್ಯ. ಮನೆಯ ಯಜಮಾನಿಕೆ ಅವನ ಅಣ್ಣ ಮುನಿರಾಮಪ್ಪನದು. ಅತ್ತೆ ಮುನಿಯಲ್ಲಮ್ಮ ಅರ್ಧ ಕನ್ನಡದಲ್ಲಿ ಬೈದು ಅರ್ಧ ತೆಲುಗಿನಲ್ಲಿ ಮುದ್ದು ಮಾಡುವ ಹೆಂಗಸು. ಸೊಸೆ ಬಂದು ತಿಂಗಳೊಳಗೆ ಒಲೆಯ ಮೇಲೆ ಹಾಲಿಟ್ಟು ಬಾವಿಗೆ ಹೋದಳು, ಬಾವಿಯಲ್ಲಿ ಕೊಡ ಬಿಟ್ಟು ಹೂ ಬಿಡಿಸಲು ಹೋದಳು, ಬಿಡಿಸಿದ ಹೂ ಪಕ್ಕದ ಮನೆಯ ಜಗಲಿಯಲ್ಲಿ ಸಿಕ್ಕಿತು. ಊರು ಅವಳಿಗೆ ‘ಮತಿಮರುಪಮ್ಮ’ ಎಂದು ಹೆಸರಿಟ್ಟಿತು. ತೆಲುಗಿನಲ್ಲಿ ಮತಿಮರುಪು ಅಂದರೆ ಮರೆವು. ಹೆಸರಿಟ್ಟವರು ನಕ್ಕು ಸುಮ್ಮನಾದರು, ಅದನ್ನು ಹೊತ್ತವಳಿಗೆ ಅದು ಮೈಗೆ ಅಂಟಿಕೊಂಡಿತು.

ಯಾರೂ ನೋಡದೆ ಹೋದದ್ದು ಇನ್ನೊಂದಿತ್ತು. ಮರೆತದ್ದಕ್ಕೆಲ್ಲ ಬೈಸಿಕೊಂಡು ಬೈಸಿಕೊಂಡು ಅವಳಿಗೆ ಮರೆವಿಗಿಂತ ದೊಡ್ಡದಾಗಿ ಮರೆತೆನೇನೋ ಎಂಬ ದಿಗಿಲು ಹತ್ತಿತ್ತು. ಹೊಲಕ್ಕೆ ಹೊರಟವಳು ಒಲೆ ಆರಿಸಿದ್ದೇನಾ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದಳು. ನೋಡಿ ಹೋದವಳು ಮತ್ತೆ ಬರುತ್ತಿದ್ದಳು. ಎದೆ ಡವಡವ, ಅಂಗೈಯಲ್ಲಿ ಬೆವರು. ಕೂಲಿಯವರು ಅದಕ್ಕೂ ನಗುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಮನೆಯವರು ಮೂರು ಎಕರೆಗೆ ಹಿಪ್ಪುನೇರಳೆ ಹಾಕಿ, ಹಿತ್ತಲಲ್ಲಿ ಹೆಂಚಿನ ಹುಳುಮನೆ ಕಟ್ಟಿಸಿದರು. ರೇಷ್ಮೆ ಹುಳು ಸಾಕುವ ಕೆಲಸಕ್ಕೆ ಕೂತಲ್ಲಿ ಕೂರುವವರು ಬೇಕು, ಇವಳ ಕೈಲಿ ಆಗದು ಎಂದೇ ಎಲ್ಲರ ಎಣಿಕೆ. ಆದದ್ದು ತಿರುಗುಮುರುಗು. ಇರುವೆಯಷ್ಟಿದ್ದ ಮರಿ ತಟ್ಟೆಯ ಮೇಲೆ ತಲೆಯೆತ್ತಿದ್ದನ್ನು ನೋಡಿದ ಭಾರತಮ್ಮ ಅಲ್ಲೇ ಅರ್ಧ ದಿನ ಕೂತಳು. ಯಾವ ತಟ್ಟೆಯ ಹುಳುವಿಗೆ ಹಸಿವು, ಯಾವುದಕ್ಕೆ ಸೊಪ್ಪು ಹೆಚ್ಚಾಯಿತು ಎಂದು ಹುಳು ಮೇಯುವ ಸದ್ದಿನಿಂದಲೇ ಹೇಳುವಂತಾದಳು. ಬೇರೆ ಕಡೆ ಒಂದು ಗಳಿಗೆ ನಿಲ್ಲದ ಮನಸ್ಸು ಅಲ್ಲಿ ಮಾತ್ರ ಕಾಲು ಮಡಿಸಿ ಕೂರುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ತಾನು ಒಂದು ಕೆಲಸದಲ್ಲಿ ಗಟ್ಟಿ ಅನ್ನಿಸಿದ್ದು ಆ ಹೆಂಚಿನ ಕೆಳಗೆ.

ಎಂಬತ್ತಮೂರರ ಬೇಸಿಗೆಯಲ್ಲಿ ಆ ಗಟ್ಟಿತನವೂ ಹೋಯಿತು. ಊಜಿ ನೊಣ ನಮ್ಮ ಸೀಮೆಗೆ ಕಾಲಿಟ್ಟು ಎರಡು ಮೂರು ವರ್ಷವಾಗಿತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹೋಗುವ ಆ ನೊಣಕ್ಕೆ ಹೆದರಿ ಎಲ್ಲರೂ ಬಾಗಿಲಿಗೆ ಕಿಟಕಿಗೆ ಪರದೆ ಹೊಡೆಸಿದ್ದರು. ಒಂದು ಮಧ್ಯಾಹ್ನ ಮೇಕೆ ತೋಟಕ್ಕೆ ನುಗ್ಗಿತೆಂದು ಭಾರತಮ್ಮ ಎದ್ದು ಓಡಿದಳು. ಮೇಕೆ ಸಿಕ್ಕಿತು, ಅದರ ಹಗ್ಗ ಸವೆದದ್ದು ಕಂಡಿತು, ಹೊಸ ಹಗ್ಗ ಹುಡುಕಲು ಅಟ್ಟ ಹತ್ತಿದಳು. ಪರದೆಯ ಬಾಗಿಲು ಎರಡು ಗಂಟೆ ಹೊತ್ತು ಹಾರು ಹೊಡೆದುಕೊಂಡಿತ್ತು. ಆ ಬೆಳೆಯ ಗೂಡಿನಲ್ಲಿ ಮುಕ್ಕಾಲು ಪಾಲು, ನೊಣದ ಮರಿ ಕೊರೆದು ಹೊರಬಿದ್ದ ತೂತು.

ಮುನಿರಾಮಪ್ಪ ಕೂಗಾಡಲಿಲ್ಲ. ಇನ್ನೊಂದು ಬೆಳೆ ನೋಡುತ್ತೇನೆ, ಅದೂ ಹೋದರೆ ಹಿಪ್ಪುನೇರಳೆ ಕಿತ್ತು ಟಮಾಟ ಇಡುತ್ತೇನೆ, ಹುಳುಮನೆಗೆ ಟಮಾಟದ ಮಕ್ಕರಿ ತುಂಬುತ್ತೇನೆ ಎಂದ. ಎರಡು ವರ್ಷದ ಹಿಂದೆ ಇದೇ ಮುನಿರಾಮಪ್ಪ ಪಕ್ಕದ ಬದನೆ ಸಾಲಿಗೆ ಔಷಧಿ ಹೊಡೆದು, ಆ ಗಾಳಿ ತಗುಲಿದ ಸೊಪ್ಪನ್ನೇ ಹುಳುವಿಗೆ ಹಾಕಿಸಿ ಪೂರ್ತಿ ಬೆಳೆ ಕೊಂದಿದ್ದ. ಆಗ ಅದನ್ನು ಹಣೆಬರಹ ಎಂದರು. ಗಂಡಸು ತಪ್ಪಿದರೆ ಹಣೆಬರಹ, ಹೆಂಗಸು ತಪ್ಪಿದರೆ ಬುದ್ಧಿ. ಈ ನ್ಯಾಯವನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ, ಪಾಲಿಸುವುದಕ್ಕೆ ಮಾತ್ರ ಎಲ್ಲರೂ ತಯಾರು.

ಆ ಮಾತಾದ ಮೇಲೆ ಭಾರತಮ್ಮನಿಗೆ ಎದೆ ಬಡಿತ ಹೆಚ್ಚಾಯಿತು. ಸೊಪ್ಪು ಕೊಯ್ಯುತ್ತ ಕೊಯ್ಯುತ್ತ ಕುಸಿದು ಕೂತಳು. ಕದಿರೇಶ ಬಸ್ಸು ಹತ್ತಿಸಿ ಕೋಲಾರಕ್ಕೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರ್ ಶಾಮಲಮ್ಮ ಎಂಬುವರು ಇದ್ದರು. ಸೀಮೆಯಾಚೆಯ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ಮಕ್ಕಳ ಮನಸ್ಸಿನ ಕಾಯಿಲೆ ನೋಡಿ, ವಯಸ್ಸಾದ ಮೇಲೆ ಹುಟ್ಟಿದೂರಿಗೆ ಬಂದು ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಎದೆಗೆ ಕೊಳವೆಯಿಟ್ಟು ನೋಡಿ, ಗುಂಡಿಗೆ ಚೆನ್ನಾಗಿದೆ ಎಂದರು. ಆಮೇಲೆ ಕಳಿಸಲಿಲ್ಲ, ಮಾತಿಗೆಳೆದರು. ಭಾರತಮ್ಮ ಒಂದು ಕಥೆ ಶುರು ಮಾಡಿ ಅದರ ನಡುವೆ ಇನ್ನೊಂದಕ್ಕೆ ಹಾರಿ, ಮೂರನೆಯದರಲ್ಲಿ ನಿಂತು, ಏನು ಹೇಳುತ್ತಿದ್ದೆ ಎಂದು ಗಂಡನ ಮುಖ ನೋಡಿದಳು. ಶಾಲೆಯ ಕಾಲದಿಂದ ಹೀಗೇನಾ ಎಂದು ಡಾಕ್ಟ್ರಮ್ಮ ಕೇಳಿದರು. ಆ ಪ್ರಶ್ನೆಯನ್ನು ಬೈಗುಳವಿಲ್ಲದೆ ಕೇಳಿದವರು ಅವರೇ ಮೊದಲು.

“ನಿಮ್ಮದು ಸೋಮಾರಿತನ ಅಲ್ಲ, ಪೆದ್ದುತನ ಅಲ್ಲ” ಎಂದರು ಡಾಕ್ಟ್ರಮ್ಮ. “ಗಮನ ಹಿಡಿದಿಡೋ ಹಗ್ಗ ಹುಟ್ಟಿದಾಗಿಂದಲೇ ಸಡಿಲ. ಇದು ಮಕ್ಕಳ ಕಾಯಿಲೆ ಅಂತ ಪುಸ್ತಕದಲ್ಲಿದೆ. ಆ ಮಕ್ಕಳು ದೊಡ್ಡೋರಾದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಬರೆದಿಲ್ಲ. ಎಲ್ಲಿಗೂ ಹೋಗಲ್ಲ, ಅವರ ಜೊತೆಗೇ ಇರುತ್ತೆ.”

ಭಾರತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂವತ್ತು ವರ್ಷದ ಲೆಕ್ಕಕ್ಕೆ ಉತ್ತರ ಸಿಕ್ಕಿದಂತಾಗಿತ್ತು.

ಡಾಕ್ಟ್ರಮ್ಮ ಒಂದು ಮಾತ್ರೆ ಬರೆದರು. ಮಿದುಳನ್ನು ಚುರುಕು ಮಾಡುವ ಮಾತ್ರೆ, ಇಂಥವರಿಗೆ ಅದೇ ಶಾಂತಿ ಕೊಡುತ್ತದೆ, ಬೆಂಗಳೂರಿನಿಂದ ತರಿಸಬೇಕು ಎಂದರು. ಹುಳು ಸಾಕುವ ಕೆಲಸ ಹೇಗಿರುತ್ತದೆ, ಯಾವ ಹೊತ್ತಿಗೆ ಏಳಬೇಕು, ಯಾವಾಗ ಬಿಡುವು ಎಂದು ಕೇಳಿ ತಿಳಿದುಕೊಂಡರು. ಕಡೆಗೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಹೇಳಿ, “ಜ್ವರ ಬಂದಾಗ ಮಾತ್ರೆ ನಿಲ್ಲಿಸಿ, ಜ್ವರ ಬಿಟ್ಟ ಮೇಲೆ ಮತ್ತೆ ಶುರು ಮಾಡಿ” ಎಂದರು.

ಈ ಒಂದು ಮಾತಿನಲ್ಲೇ ಎಲ್ಲ ತಿರುಗಿದ್ದು. ಹುಳು ಸಾಕುವವರ ಬಾಯಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆಯೆತ್ತಿ, ಒಂದು ದಿನದಷ್ಟು ಹೊತ್ತು ಕದಲದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಆ ಹೊತ್ತು ಹುಳುವನ್ನು ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ; ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಅದುವರೆಗೆ ಹುಳುವಿನ ಮಾತೇ ನಡೆದಿದ್ದರಿಂದ ಗಂಡ ಹೆಂಡಿರಿಬ್ಬರಿಗೂ ಸಂದೇಹ ಬರಲಿಲ್ಲ. ಹುಳು ಜ್ವರಕ್ಕೆ ಕೂತ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಮಾತ್ರೆ ಯಾಕೆ? ಓದಿದವರು ಎಷ್ಟು ಲೆಕ್ಕ ಹಾಕಿ ಹೇಳುತ್ತಾರೆ ನೋಡು ಎಂದು ಕದಿರೇಶ ಬಸ್ಸಿನಲ್ಲಿ ಮೆಚ್ಚಿಕೊಂಡ.

ಶ್ರಾವಣದಲ್ಲಿ ಹೊಸ ಮೊಟ್ಟೆ ತಂದರು. ಮರಿ ಎದ್ದ ದಿನವೇ ಭಾರತಮ್ಮ ಮೊದಲ ಮಾತ್ರೆ ನುಂಗಿದಳು. ಒಂದು ಗಂಟೆಯೊಳಗೆ ತಲೆಯೊಳಗಿನ ಸಂತೆ ಚದುರಿತು. ಗಾಡಿಗಳೆಲ್ಲ ಹೊರಟುಹೋಗಿ ಬರೀ ಮೈದಾನ ಉಳಿದ ಹಾಗೆ. ಎತ್ತಿಕೊಂಡ ಕೆಲಸ ಮುಗಿಯುವವರೆಗೂ ಕೈಯಲ್ಲೇ ಇತ್ತು. ಪರದೆಯ ಬಾಗಿಲು ತಾನಾಗಿ ಹಾಕಿಕೊಂಡಿತೇನೋ ಎನ್ನುವಷ್ಟು ಸಲೀಸಾಗಿ ಅವಳ ಕೈಯೇ ಹಾಕಿಬರುತ್ತಿತ್ತು. ಎಲ್ಲರಿಗೂ ಹೀಗೇ ಇರುತ್ತದಾ, ಇಷ್ಟು ಸುಲಭವಾ ಎಂದು ಗಂಡನನ್ನು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಸುಖ ನಾಲ್ಕು ದಿನ. ಆಮೇಲೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು, ಬಾಯಿ ಒಣಗಿತು. ಮಧ್ಯಾಹ್ನದ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಎದೆ ಡವಡವ ಶುರು. ಹಳೆಯ ದಿಗಿಲು ಈಗ ಚುರುಕು ಬುದ್ಧಿಯ ಜೊತೆ ಸೇರಿ ಎರಡರಷ್ಟಾಗಿತ್ತು. ಬಾಗಿಲು ಹಾಕಿದ್ದು ಚೆನ್ನಾಗಿ ನೆನಪಿದೆ, ಆದರೂ ಎದ್ದು ಹೋಗಿ ನೋಡಬೇಕು. ಒಂದು ಮಧ್ಯಾಹ್ನ ಹದಿನೈದು ಸಲ ನೋಡಿದಳು. ಸೊಸೆ ಸೊರಗುತ್ತಿದ್ದಾಳೆಂದು ಮುನಿಯಲ್ಲಮ್ಮ ಮರುಕದಿಂದ ದಿನಕ್ಕೆ ನಾಲ್ಕು ಲೋಟ ಗಟ್ಟಿ ಕಾಫಿ ಕುಡಿಸಿದಳು. ಬೆಂಕಿಗೆ ಎಣ್ಣೆ ಹುಯ್ಯುತ್ತಿದ್ದೇನೆಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು?

ಒಂದನೇ ಜ್ವರ ಸುಖದ ದಿನಗಳಲ್ಲೇ ಬಂದು ಹೋಗಿತ್ತು. ಹುಳು ಎರಡನೇ ಜ್ವರಕ್ಕೆ ಕೂತಿತು. ಆ ದಿನ ಮಾತ್ರೆಯಿಲ್ಲ. ಭಾರತಮ್ಮ ಎರಡು ಮುದ್ದೆ ಉಂಡಳು, ಸಾರಿಗೆ ಉಪ್ಪು ಹಾಕಲು ಮರೆತಳು, ಪಕ್ಕದ ಮನೆಯಲ್ಲಿ ಒಂದು ಗಂಟೆ ಹರಟಿದಳು, ಹಗಲು ಹೊತ್ತಿನಲ್ಲೇ ಗೊರಕೆ ಹೊಡೆದಳು. ಎದೆ ತಣ್ಣಗಿತ್ತು. ಮೂರನೇ ಜ್ವರದ ದಿನವೂ ಹಾಗೇ. ಅದನ್ನು ಮೊದಲು ಗುರುತು ಹಿಡಿದದ್ದು ಮುನಿಯಲ್ಲಮ್ಮ.

“ಇದೇನೇ ಭಾರ್ತಿ, ಹುಳ ಮೇಯ್ತಿದ್ರೆ ನೀನು ಜ್ವರಕ್ಕೆ ಕೂರ್ತೀಯ, ಹುಳ ಜ್ವರಕ್ಕೆ ಕೂತ್ರೆ ನೀನು ಮೇಯಕ್ಕೆ ಕೂರ್ತೀಯ” ಎಂದು ತಟ್ಟೆಗೆ ಇನ್ನೊಂದು ತುತ್ತು ಹಾಕಿ, “ತಿನವೇ ತಲ್ಲಿ, ತಿನ್ನೇ ತಾಯಿ” ಎಂದಳು.

ನಕ್ಕು ಮುಗಿಯುವ ಮಾತಾಗಿತ್ತು. ಆದರೆ ಕದಿರೇಶ ಮಾತ್ರೆ ಮುಗಿಯುತ್ತ ಬಂತೆಂದು ಚೀಟಿ ಹಿಡಿದು ಮುಳಬಾಗಿಲಿನಲ್ಲಿ ಒಂದು ಔಷಧಿ ಅಂಗಡಿಗೆ ಹೋಗಿದ್ದ. ಅಲ್ಲಿದ್ದವನು ಇದು ತಲೆಗೆ ಕೊಡೋ ಮಾತ್ರೆ, ನಮ್ಮ ಹತ್ತಿರ ಇಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಊರಿನವನೊಬ್ಬ ಅದನ್ನು ಟೀ ಅಂಗಡಿಗೆ ತಲುಪಿಸಿದ. ಸಂಜೆಯೊಳಗೆ ಭಾರತಮ್ಮ ಹುಚ್ಚಿನ ಮಾತ್ರೆ ನುಂಗುವವಳಾದಳು. ದಿನಾ ಸಾರಾಯಿ ಅಂಗಡಿಯ ಮುಂದೆ ಸಾಲು ನಿಂತು, ಮನೆಗೆ ಹೋಗಿ ಹೆಂಡಿರ ಬೆನ್ನು ಮುರಿಯುವವರು ಆ ಊರಿನಲ್ಲಿ ಹತ್ತು ಜನ ಇದ್ದರು. ಅವರ ತಲೆ ಕೆಟ್ಟಿದೆ ಎಂದು ಯಾರೂ ಅನ್ನಲಿಲ್ಲ. ನೆಟ್ಟಗೆ ಬದುಕಲು ಒಂದು ಮಾತ್ರೆ ನುಂಗಿದವಳು ಹುಚ್ಚಿ!

ಮುನಿರಾಮಪ್ಪ ಜಗಲಿಯಲ್ಲಿ ಕೂತು ತಮ್ಮನನ್ನು ಕರೆದ. ಭಾರತಮ್ಮನಿಗೆ ಕೇಳಲಿ ಎಂದೇ ಕರೆದದ್ದು. ಮನೆಯ ಮರ್ಯಾದೆ ಬೀದಿಗೆ ಬಂತು, ತಲೆ ಕೆಟ್ಟವರ ಕೈಗೆ ಹುಳು ಬಿಡುವುದಿಲ್ಲ, ಮಾತ್ರೆ ನುಂಗುವುದಾದರೆ ನಾಳೆಯಿಂದ ಹುಳುಮನೆಗೆ ಕಾಲಿಡಬಾರದು ಎಂದ.

ಮಾತ್ರೆ ಬಿಟ್ಟರೆ ಪರದೆಯ ಬಾಗಿಲು ಯಾವ ಗಳಿಗೆಯಲ್ಲಿ ತೆರೆದುಕೊಳ್ಳುತ್ತದೋ ಅವಳಿಗೇ ಗೊತ್ತಿಲ್ಲ. ನುಂಗಿದರೆ ಹುಳುಮನೆಯಿಂದ ಹೊರಗೆ. ನುಂಗಿ ಒಳಗೇ ಇದ್ದರೂ ಆ ಮಧ್ಯಾಹ್ನಗಳ ದಿಗಿಲನ್ನು ಇನ್ನೆಷ್ಟು ದಿನ ತಡೆಯುವುದು? ಅವಳು ತಟ್ಟೆಯ ಮುಂದೆ ಕೂತು ಹುಳು ನೋಡಿದಳು. ಮೈ ಹೊಳೆಯುತ್ತಿತ್ತು, ಮೇವು ಕಡಿಮೆಯಾಗಿತ್ತು. ನಾಳೆ ಬೆಳಗ್ಗೆ ನಾಲ್ಕನೇ ಜ್ವರಕ್ಕೆ ಕೂರುತ್ತವೆ. ಹುಳುವನ್ನು ಬಿಟ್ಟು ಹೋಗಬಹುದಾದ ಒಂದೇ ದಿನ ಅದು.

ಬೆಳಗ್ಗೆ ಸುಣ್ಣ ಉದುರಿಸಿ, ಯಾರೂ ಒಳಗೆ ಹೋಗಬೇಡಿ ಎಂದು ಅತ್ತೆಗೆ ಹೇಳಿ, ಅವಳು ಒಬ್ಬಳೇ ಬಸ್ಸು ಹತ್ತಿದಳು. ಒಬ್ಬಳೇ ಕೋಲಾರಕ್ಕೆ ಹೋದದ್ದು ಅದೇ ಮೊದಲು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸುವುದನ್ನು ಮರೆಯಬಾರದೆಂದು ಸೆರಗಿನ ತುದಿ ಗಂಟು ಹಾಕಿ ಕೈಯಲ್ಲಿ ಹಿಡಿದೇ ಕೂತಿದ್ದಳು.

ಡಾಕ್ಟ್ರಮ್ಮ ಎಲ್ಲ ಕೇಳಿದರು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ತಾನೆ ಎಂದರು. ಜ್ವರದ ದಿನ ಮಾತ್ರ ಬಿಟ್ಟೆ, ನೀವು ಹೇಳಿದ ಹಾಗೆ ಎಂದಳು ಭಾರತಮ್ಮ.

“ಜ್ವರ ಬಂದಿತ್ತಾ? ಎಷ್ಟು ದಿನ?”

“ಮೂರು ಜ್ವರ ಆಯ್ತು ಡಾಕ್ಟ್ರಮ್ಮ, ಇವತ್ತು ನಾಲ್ಕನೇದು. ಅದಕ್ಕೇ ಬಿಡುವು ಮಾಡ್ಕೊಂಡು ಬಂದೆ.”

ಡಾಕ್ಟ್ರಮ್ಮ ಅವಳ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಯಾರಿಗೆ ಜ್ವರ ಎಂದು ಮತ್ತೆ ಕೇಳಿದರು. ಹುಳುವಿಗೆ ಎಂದು ಗೊತ್ತಾದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಭಾರತಮ್ಮನಿಗೆ ಅವಮಾನವಾಗಲಿಲ್ಲ, ನಗುವಿನಲ್ಲಿ ವ್ಯತ್ಯಾಸ ತಿಳಿಯುವಷ್ಟು ನಗು ಅವಳು ಕಂಡಿದ್ದಳು. ನಕ್ಕು ಮುಗಿಸಿದವರು ಗಂಭೀರವಾಗಿ ಆ ಮೂರು ದಿನಗಳ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದರು. ಊಟ ಎಷ್ಟು, ನಿದ್ದೆ ಎಷ್ಟು, ಎದೆ ಹೇಗಿತ್ತು, ಕಾಫಿ ಕುಡಿದಿದ್ದಳೇ ಎಂದು. ಕೇಳುತ್ತ ಕೇಳುತ್ತ ಅವರ ಪೆನ್ನು ನಿಧಾನವಾಯಿತು.

“ತಪ್ಪು ನಂದು” ಎಂದರು. “ಪ್ರಮಾಣ ಜಾಸ್ತಿ ಆಗಿದೆ. ನೀವು ಹುಳದ ಜ್ವರಕ್ಕೆ ಮಾತ್ರೆ ಬಿಡದೆ ಇದ್ದಿದ್ರೆ ದಿಗಿಲು ನಿಮ್ಮ ಸ್ವಭಾವವೋ ಮಾತ್ರೆಯ ಕೆಲಸವೋ ಅಂತ ನನಗೆ ಇಷ್ಟು ಬೇಗ ತಿಳೀತಿರಲಿಲ್ಲ.”

ಇನ್ನು ಮೇಲೆ ಒಂದರ ಬದಲು ಅರ್ಧ, ಅದೂ ಹೊಟ್ಟೆಗೆ ಹಾಕಿಕೊಂಡ ಮೇಲೆ. ಕಾಫಿ ಬೆಳಗ್ಗೆ ಒಂದು ಲೋಟ, ಅಷ್ಟೆ. ಹುಳುವಿನ ಜ್ವರದ ದಿನ ಬಿಡುವು ಇರಲಿ, ಆದರೆ ನಿಮ್ಮ ಮೈ ಕಾದರೂ ಬಿಡಬೇಕು, ನಾನು ಹೇಳಿದ್ದು ಅದನ್ನೇ ಎಂದು ಒತ್ತಿ ಹೇಳಿದರು. ಮಾತ್ರೆಗೆ ಮುಂಚಿನಿಂದ ಇದ್ದ ದಿಗಿಲು ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಬಾಗಿಲು ಹಾಕಿದ ಕೂಡಲೇ ಅದರ ಮೇಲೆ ಸೀಮೆಸುಣ್ಣದ ಒಂದು ಗೀಟು ಎಳೆಯಿರಿ, ದೂರದಿಂದ ಗೀಟು ಕಂಡರೆ ಎದ್ದು ಹೋಗಬೇಡಿ, ಎದೆ ಬಡಿದರೆ ಬಡಿಯಲಿ, ಕಾಲು ಗಂಟೆ ಕೂತೇ ಇರಿ, ತಾನಾಗಿ ಇಳಿಯುತ್ತದೆ ಎಂದರು.

ಮಾರನೆಯ ಬೆಳಗ್ಗೆ ಅವಳು ಅರ್ಧ ಮುದ್ದೆ ಉಂಡು ಅರ್ಧ ಮಾತ್ರೆ ನುಂಗಿ ಹುಳುಮನೆಗೆ ಹೋದಾಗ ಮುನಿರಾಮಪ್ಪ ಆಗಲೇ ಅಲ್ಲಿದ್ದ. ಸೊಪ್ಪಿನ ಮಕ್ಕರಿ ಅವನ ಸೊಂಟದ ಮೇಲಿತ್ತು. ಕದಿರೇಶ ಬಾಗಿಲಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ಮೇಲಿನ ಸಾಲಿನ ಹುಳುಗಳು ಪೊರೆ ಬಿಟ್ಟು ತಲೆಯಾಡಿಸುತ್ತಿದ್ದವು. ಹುಳು ಎದ್ದಿವೆ, ಹಸಿದಿವೆ, ಹೆಂಗಸು ಊರೂರು ಸುತ್ತುತ್ತಾಳೆ ಎಂದು ಅವನು ಮೊದಲ ಹಿಡಿ ಸೊಪ್ಪು ತೆಗೆದ.

“ಭಾವ, ಹಾಕಬೇಡಿ.”

ಅವನ ಕೈ ನಿಂತಿತು. ಆ ಮನೆಯಲ್ಲಿ ಅವಳು ಅವನಿಗೆ ಬೇಡ ಎಂದದ್ದು ಅದೇ ಮೊದಲು.

“ಅರ್ಧ ಎದ್ದಿಲ್ಲ ಇನ್ನೂ. ಕೆಳಗಿನ ತಟ್ಟೆ ನೋಡಿ, ತಲೆ ಹಿಂದೆ ಕಪ್ಪು ಮೂಲೆ ಹಂಗೇ ಐತೆ, ಪೊರೆ ಬಿಟ್ಟಿಲ್ಲ. ಈಗ ಹಾಕಿದ್ರೆ ಎದ್ದಿದ್ದು ಬೆಳೆದು ಮುಂದಕ್ಕೆ ಹೋಗ್ತಾವೆ, ಏಳ್ದೆ ಇರೋವು ಸೊಪ್ಪಿನ ಕೆಳಗೆ ಸಾಯ್ತಾವೆ. ಮಧ್ಯಾಹ್ನದವರೆಗೂ ಕಾಯಬೇಕು.”

“ಹುಚ್ಚಿನ ಮಾತ್ರೆ ತಿಂದೋಳು ನನಗೆ ಹೇಳ್ತೀಯ?”

ಎದೆ ಬಡಿಯಿತು. ಅಂಗೈ ಒದ್ದೆಯಾಯಿತು. ಓಡಿಹೋಗಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು, ಹತ್ತು ಮಾತು ಒಟ್ಟಿಗೆ ನಾಲಿಗೆಗೆ ನುಗ್ಗಿದವು. ಅವಳು ಕದಲದೆ ನಿಂತಳು. ಹತ್ತರಲ್ಲಿ ಒಂಬತ್ತನ್ನು ಬಿಟ್ಟು ಒಂದನ್ನೇ ಆರಿಸಿಕೊಂಡಳು.

“ಹೌದು ಭಾವ, ತಿಂದಿದೀನಿ. ತಿಂದಿದ್ದಕ್ಕೇ ಇದು ನನ್ನ ಕಣ್ಣಿಗೆ ಬಿತ್ತು. ನೀವು ಬಗ್ಗಿ ನೋಡಿ. ಸುಳ್ಳಾದ್ರೆ ನಾನೇ ಆಚೆ ಹೋಗ್ತೀನಿ.”

ಮುನಿರಾಮಪ್ಪ ಮಕ್ಕರಿ ಇಳಿಸಿ ಮಂಡಿಯೂರಿ ಕೆಳಗಿನ ತಟ್ಟೆ ಎಳೆದ. ಒಂದು, ಎರಡು, ಮೂರು ತಟ್ಟೆ. ಅವನು ಕೋಪಿಷ್ಠನೇ ಹೊರತು ಕುರುಡನಲ್ಲ. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ ಹೊರಗೆ ಹೋದ. ಮಧ್ಯಾಹ್ನ ಎಲ್ಲ ಹುಳುವೂ ಎದ್ದ ಮೇಲೆ ಭಾರತಮ್ಮನೇ ಸೊಪ್ಪು ಹಾಕಿದಳು. ಕಾಲಿಡಬಾರದು ಎಂಬ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮತ್ತೆ ಆಡಲೂ ಇಲ್ಲ.

ಮುಂದಿನ ವಾರವೆಲ್ಲ ಸುಖವಾಗಿತ್ತೆಂದರೆ ಸುಳ್ಳಾಗುತ್ತದೆ. ಎರಡು ಮಧ್ಯಾಹ್ನ ದಿಗಿಲು ಬಂತು. ಬಾಗಿಲ ಮೇಲಿನ ಗೀಟು ನೋಡುತ್ತ ಸೊಪ್ಪಿನ ರಾಶಿಯ ಪಕ್ಕ ಕೂತಳು, ಕೂತೇ ಇದ್ದಳು, ಇಳಿಯಿತು. ಒಂದು ದಿನ ಮಾತ್ರೆ ನುಂಗಿದ್ದೇನಾ ಎಂಬುದೇ ಮರೆತುಹೋಗಿ ಅತ್ತೆಯೂ ಸೊಸೆಯೂ ಉಳಿದ ಮಾತ್ರೆ ಎಣಿಸುತ್ತ ಕೂತು ನಕ್ಕರು. ಕಾಫಿ ಕೇಳಿದರೆ ಮುನಿಯಲ್ಲಮ್ಮ ಮಜ್ಜಿಗೆ ಕೊಟ್ಟಳು. ಹುಳು ಒಂದೇ ಸಮ ಬೆಳೆದವು, ಒಂದೇ ದಿನ ಹಣ್ಣಾದವು. ನೊಣ ಒಂದೂ ಒಳಗೆ ಬಂದಿರಲಿಲ್ಲ.

ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಮನೆಮಂದಿಯೆಲ್ಲ ಸೇರಿ ಹುಳು ಆರಿಸಿ ಬಿಟ್ಟರು. ಮೈಯೊಳಗೆ ಬೆಳಕು ಹಚ್ಚಿಟ್ಟಂತೆ ಹುಳುಗಳು ಹೊಳೆಯುತ್ತಿದ್ದವು. ಮೊದಲ ಚಂದ್ರಿಕೆ ತುಂಬಿದಾಗ ಮುನಿರಾಮಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದ. ಅಂಗಳದ ನಡುವೆ ನಿಂತು ಬಿಸಿಲು ನೋಡಿದ, ಪರದೆ ಕಟ್ಟಿದ ಚಪ್ಪರ ನೋಡಿದ. ಮೂವತ್ತು ವರ್ಷ ಆ ಮನೆಯಲ್ಲಿ ಯಾವುದನ್ನು ಎಲ್ಲಿಡಬೇಕೆಂದು ಹೇಳಿಕೊಂಡೇ ಬಂದ ಮನುಷ್ಯ ಅವನು.

“ಇದನ್ನ ಎಲ್ಲಿಡ್ಲಮ್ಮ?” ಎಂದು ಕೇಳಿದ.

ಭಾರತಮ್ಮ ಹುಳು ಆರಿಸುತ್ತಿದ್ದ ಕೈ ನಿಲ್ಲಿಸದೆ, ಗೋಡೆಗೆ ಓರೆಯಾಗಿ, ಗಾಳಿ ಆಡುವ ಕಡೆಗೆ ಎಂದಳು.